ಧರ್ಮಗ್ರಂಥಗಳಿಂದ ಸಮಾಜಕ್ಕೆ ಒಳ್ಳೆಯದಾಗಿದೆಯಾ?

ತುಮಕೂರಿನ ಟೀಚರ್:
ನಮ್ಮಪ್ಪ ಸಿದ್ಧಗಂಗಾ ಮಠದಲ್ಲಿ ಉಂಡು ಓದಿದವರು. ಮನೆಯಲ್ಲಿ ಒಲೆ ಹತ್ತದ ದಿನಗಳಿದ್ದವಂತೆ. ಮಠದಲ್ಲಿ ಜಾತಿ ಕೇಳದೆ ಬಿಸಿ ಮುದ್ದೆ ತಟ್ಟೆಗೆ ಬೀಳುತ್ತಿತ್ತು, ಮೇಲೆ ಆವಿಯಾಡುವ ಸಾರು. ಆ ಮುದ್ದೆಯ ಹಿಂದೆ 12ನೇ ಶತಮಾನದ ಶರಣರ ದಾಸೋಹದ ಮಾತಿದೆ ಅಂತ ನಾನು ನಂಬಿದ್ದೇನೆ. ಆದರೆ ರಜೆಗೆ ಊರಿಗೆ ಬಂದರೆ ಅದೇ ಹುಡುಗನನ್ನು ಗುಡಿಯ ಹೊಸ್ತಿಲಾಚೆ ನಿಲ್ಲಿಸುತ್ತಿದ್ದರು. ಕೇಳಿದರೆ 'ಶಾಸ್ತ್ರದಲ್ಲಿದೆ' ಅನ್ನೋರು. ಎರಡೂ ಧರ್ಮದ ಮಾತೇ ಅಲ್ಲವಾ? ಮೊನ್ನೆ ಕ್ಲಾಸಿನಲ್ಲಿ ಒಬ್ಬ ಹುಡುಗ ಇದನ್ನೇ ಕೇಳಿದ, ನನಗೆ ಉತ್ತರ ಹೊಳೆಯಲಿಲ್ಲ.

ಹಳೇ ಓದುಗ:
ಆ ಹುಡುಗನಿಗೆ ಮಹಾರಾಷ್ಟ್ರದ ಮಹಾಡ್ ಊರಿನ ಕಥೆ ಹೇಳಿ ಮೇಡಂ. ಅಲ್ಲಿನ ಚವದಾರ್ ಕೆರೆಯನ್ನು ಪುರಸಭೆ ಎಲ್ಲರಿಗೂ ತೆರೆದಿತ್ತು, ಆದರೂ ದಲಿತರಿಗೆ ನೀರು ಮುಟ್ಟಲು ಬಿಡುತ್ತಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ದಲಿತ ಜನರೊಂದಿಗೆ ಹೋಗಿ ನೀರು ಕುಡಿದರು. ಆಮೇಲೆ ಸವರ್ಣೀಯರು ಪಂಚಗವ್ಯ ಸುರಿದು ಕೆರೆಯನ್ನು 'ಶುದ್ಧಿ' ಮಾಡಿದರು! ಅದೇ ವರ್ಷ ಡಿಸೆಂಬರ್ 25ಕ್ಕೆ ಅಲ್ಲೇ ಮನುಸ್ಮೃತಿ ಸುಟ್ಟರು. ಕುಡಿಯೋ ನೀರಿಗೂ ಅಡ್ಡ ಬರುವ ಗ್ರಂಥದಿಂದ ಯಾವ ಲೋಕಹಿತ?

ಕಲಬುರಗಿಯಿಂದ:
ಒಪ್ಪಿದೆ. ಆದರೆ 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಧರ್ಮವನ್ನೇ ಬಿಡಲಿಲ್ಲ, ಬುದ್ಧನ ದಾರಿ ಹಿಡಿದರು. ಯಾವ ಮಾತು ಮನುಷ್ಯನನ್ನು ಸಮಾನವಾಗಿ ಕಾಣುತ್ತದೆ ಅಂತ ನೋಡಿ ಆರಿಸಿಕೊಂಡರು. ಹುಡುಗನಿಗೆ ಅದನ್ನೂ ಹೇಳಿ.

ತುಮಕೂರಿನ ಟೀಚರ್:
ಎರಡನ್ನೂ ಸೋಮವಾರ ಹೇಳ್ತೀನಿ. ಅಪ್ಪ ಈಗಲೂ ತಟ್ಟೆಯಲ್ಲಿ ಒಂದಗುಳು ಬಿಡಲ್ಲ. ಊರ ಗುಡಿಗೆ ಮಾತ್ರ ಹೋಗಲ್ಲ.