ಪದಚರ್ಚೆ: ‘ಡ್ರೈವ್ ಬೆಲ್ಟ್’ಗೆ ಕನ್ನಡದಲ್ಲಿ ಏನೆನ್ನೋಣ? (ತುರ್ತು)

ಮಾನ್ಯರೇ,

ಹುಲ್ಲು ಕತ್ತರಿಸುವ ಹಳೆಯ ತೋಟದ ಟ್ರ್ಯಾಕ್ಟರಿಗೆ ಸರಿಹೊಂದುವ ಬದಲಿ ಡ್ರೈವ್ ಬೆಲ್ಟನ್ನು (ಎಂಜಿನ್ನಿನ ತಿರುಗುವಿಕೆಯನ್ನು ಗಾಲಿಗೆ ಮುಟ್ಟಿಸುವ ಬೆಲ್ಟ್) ಆರಿಸಿಕೊಳ್ಳುವುದು ಹೇಗೆ ಎಂಬ ನಾಲ್ಕು ಪುಟದ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ‘ಚಾಲನಪಟ್ಟಿ’ ಎಂದು ಬರೆದಿದ್ದೇನೆ. ಓದಿದರೆ ಚಾಲಕರ ಹಾಜರಿ ಪಟ್ಟಿಯ ಹಾಗೆ ಕೇಳಿಸುತ್ತದೆ. ನನ್ನ ಒಂದು ವಾಕ್ಯ: ‘ಹಳೆಯ ಚಾಲನಪಟ್ಟಿಯ ಉದ್ದವನ್ನು ಅಳೆದು, ಅಷ್ಟೇ ಉದ್ದದ ಹೊಸದನ್ನು ತರಬೇಕು.’ ಬೇರೆ ಪದವಿದ್ದರೆ ದಯವಿಟ್ಟು ತಿಳಿಸಿ.

— ವಿ.

*

‘ಪಟ್ಟಿ’ ಸಂಸ್ಕೃತದ ‘ಪಟ್ಟ’ದ ಸಂತಾನ, ಬೇಡ. ನಮ್ಮಲ್ಲಿ ‘ಬಾರು’ ಇದೆ. ತಮಿಳಿನ ‘ವಾರ್’ ಇದರ ಒಡಹುಟ್ಟು. ಅಲ್ಲಿನ ಪದಾದಿಯ ವಕಾರ ಇಲ್ಲಿ ಬಕಾರವಾಗುವುದನ್ನು ಈ ಬಳಗಕ್ಕೆ ವಿವರಿಸಬೇಕಾಗಿಲ್ಲ. ಚಪ್ಪಲಿಯ ಬಾರು, ಬಾರುಕೋಲು ಇನ್ನೂ ಜನರ ಬಾಯಲ್ಲಿವೆ. ‘ಓಡುಬಾರು’ ಎಂದು ಬರೆಯಿರಿ. ಅದು ಸುತ್ತುವುದು ರಾಟೆಯ ಮೇಲೆ. ‘ಪುಲ್ಲಿ’ ಎಂದು ಬರೆದೀರಿ, ಜೋಕೆ.

— ಗೋ.

*

‘ಓಡುಬಾರು’! ‘ಓಡಬಾರದು’ ಎಂಬುದರ ಅಚ್ಚಿನ ತಪ್ಪು ಎಂದುಕೊಂಡು ಓದುಗರು ಟ್ರ್ಯಾಕ್ಟರನ್ನೇ ನಿಲ್ಲಿಸಿಬಿಟ್ಟಾರು.

ಅಷ್ಟಕ್ಕೂ ‘ಬೆಲ್ಟ್’ ನಮ್ಮದೇ ಪದ. ಬಳಸು, ಬಳೆ, ಬಳ್ಳಿ: ಸುತ್ತುವುದೆಲ್ಲ ‘ಬಳ್’ ಧಾತುವಿನದು. ಹಿಂದೆಯೂ ಹೇಳಿದ್ದೇನೆ.

— ನಾ.

*

ಹಿಂದೆಯೂ ಹೇಳಿದ್ದೀರಿ, ಹಿಂದೆಯೂ ತಪ್ಪಾಗಿತ್ತು. ‘ಬೆಲ್ಟ್’ನ ಮೂಲ ಲ್ಯಾಟಿನ್ನಿನ ‘ಬಾಲ್ಟೆಯಸ್’. ಅದೂ ಪ್ರಾಚೀನ ಇಟಲಿಯ ಎಟ್ರುಸ್ಕನ್ ಜನರಿಂದ ಬಂದದ್ದೆಂದು ರೋಮನ್ ವಿದ್ವಾಂಸ ವಾರೋ ಹೇಳಿದ್ದಾನೆ. ಎರವಲು ತಂದ ಪದದ ಮೇಲೂ ಎರವಲಿನ ಗುಮಾನಿ! ಅದರಿಂದ ಇಂಗ್ಲಿಷೇನೂ ಬಡವಾಗಲಿಲ್ಲ. ಇನ್ನು ಗೋ. ಅವರೇ, ‘ಪಟ್ಟಿ’ಯನ್ನು ಹೊಸಿಲಿನಿಂದಾಚೆ ತಳ್ಳುವ ನೀವು ‘ರಾಟೆ’ಗೆ ಮಾತ್ರ ಮಣೆ ಹಾಕಿದ್ದೀರಿ. ಅದು ಸಂಸ್ಕೃತದ ‘ಅರಘಟ್ಟ’ ಪ್ರಾಕೃತದಲ್ಲಿ ಸವೆದು ಬಂದ ರೂಪ.

— ಶಾ.

*

ರಾಟೆ ನಮ್ಮಲ್ಲಿ ನೆಲೆಯೂರಿದೆ. ಬೆಲ್ಟ್ ಬಾಡಿಗೆಗಿದೆ. ವ್ಯತ್ಯಾಸ ತಿಳಿಯದವರೊಡನೆ ವಾದವಿಲ್ಲ.

— ಗೋ.

*

ಯಂತ್ರ ಬಿಚ್ಚಿ ಕಟ್ಟುವ ಕೈಯವನು ನಾನು. ಧಾತುಗಳ ಗೊಡವೆ ನನಗಿಲ್ಲ. ‘ಬೆಲ್ಟ್’ ಇರಲಿ. ಬಾರು ಎಂದರೆ ಚಪ್ಪಟೆ ತೊಗಲು. ಇದು ಮೇಲೆ ಅಗಲ, ಕೆಳಗೆ ಕಿರಿದಾದ ವಿ-ಬೆಲ್ಟ್. ರಾಟೆಯ ಸೀಳಿನಲ್ಲಿ ಇಕ್ಕೆಲದಿಂದ ಹಿಡಿಯುತ್ತದೆ; ಸವೆದು ತಳಕ್ಕೆ ತಾಗಿತೋ, ಜಾರತೊಡಗುತ್ತದೆ.

ನಿಮ್ಮ ನಿಜವಾದ ತಪ್ಪು ‘ಉದ್ದ’ದಲ್ಲಿದೆ, ಅದನ್ನು ಒಬ್ಬರೂ ನೋಡಲಿಲ್ಲ. ಬೆಲ್ಟಿಗೆ ಹೊರ ಸುತ್ತಳತೆ ಬೇರೆ, ಒಳ ಸುತ್ತಳತೆ ಬೇರೆ. ಬೆಲ್ಟಿನ ಮೇಲಿನ ಗುರುತು ‘4ಎಲ್480’ ಎಂದಿದ್ದರೆ ಅರ್ಧ ಅಂಗುಲ ಅಗಲ, 48 ಅಂಗುಲ ಹೊರ ಸುತ್ತಳತೆ. ‘ಎ46’ರ ಅಗಲವೂ ಅರ್ಧ ಅಂಗುಲವೇ, ಆದರೆ 46 ಎಂಬುದು ಒಳ ಸುತ್ತಳತೆ. ಎರಡೂ ಹೆಚ್ಚುಕಡಿಮೆ ಒಂದೇ ಅಳತೆಯವು. ನಿಮ್ಮ ವಾಕ್ಯ ನಂಬಿದವನು ಹೊರಗಿನಿಂದ 48 ಅಳೆದು ‘ಎ48’ ತರುತ್ತಾನೆ. ಎರಡು ಅಂಗುಲ ಸಡಿಲ! ಸಾಲದ್ದಕ್ಕೆ ಹಳೆಯದು ಹಿಗ್ಗಿರುತ್ತದೆ, ಅಂಚು ಸವೆದು ಅಗಲವೂ ತಗ್ಗಿರುತ್ತದೆ. ಮೊದಲು ಟ್ರ್ಯಾಕ್ಟರಿನ ಮಾದರಿ ಸಂಖ್ಯೆ ಹಿಡಿದು ಬಿಡಿಭಾಗದ ಸಂಖ್ಯೆ ಹುಡುಕಲಿ. ಸಿಗದಿದ್ದರೆ ಬಿಗಿ ಹೊಂದಿಸುವ ರಾಟೆಯನ್ನು ಅದರ ಓಡಾಟದ ನಡುವೆ ನಿಲ್ಲಿಸಿ, ಬೆಲ್ಟಿನ ದಾರಿಯಲ್ಲೇ ಹುರಿ ಸುತ್ತಿ ಅಳೆಯಲಿ.

ಇಂಥ ಹಲವು ಟ್ರ್ಯಾಕ್ಟರುಗಳಲ್ಲಿ ಪೆಡಲ್ ತುಳಿದಾಗ ಬೆಲ್ಟ್ ಸಡಿಲಾಗುತ್ತದೆ. ಅಂದರೆ ಕ್ಲಚ್ಚೂ ಅದೇ. ಅದಕ್ಕೆ ಬಟ್ಟೆ ಹೊದಿಸಿದ, ಒಳಗೆ ಅರಮಿಡ್ ಎಂಬ ಗಟ್ಟಿ ಕೃತಕ ನಾರಿನ ಎಳೆಯಿರುವ ಬೆಲ್ಟೇ ಬೇಕು. ಹಗುರ ಕೆಲಸದ್ದು ಅಳತೆಗೆ ಕೂರುತ್ತದೆ, ಬಾಳುವುದಿಲ್ಲ. ಇನ್ನೊಂದು ಬೆಲ್ಟ್ ಹುಲ್ಲು ಕತ್ತರಿಸುವ ಅಲಗನ್ನು ತಿರುಗಿಸುತ್ತದೆ. ಎರಡನ್ನೂ ‘ಚಾಲನ’ ಎಂದರೆ ಗೊಂದಲ. ಇದಕ್ಕೆ ‘ಗಾಲಿಯ ಬೆಲ್ಟ್’, ಅದಕ್ಕೆ ‘ಅಲಗಿನ ಬೆಲ್ಟ್’ ಎನ್ನಿ.

— ಮ.

*

ಮ. ಅವರಿಗೆ ಋಣಿ. ‘ಗಾಲಿಯ ಬೆಲ್ಟ್’, ‘ಅಲಗಿನ ಬೆಲ್ಟ್’ ಎಂದು ತಿದ್ದಿದೆ. ‘ಉದ್ದ’ ಬಂದಲ್ಲೆಲ್ಲ ‘ಹೊರ ಸುತ್ತಳತೆ’ ಅಥವಾ ‘ಒಳ ಸುತ್ತಳತೆ’ ಹಾಕುತ್ತಿದ್ದೇನೆ. ಹನ್ನೊಂದು ಕಡೆ ಇದೆ.

— ವಿ.

*

‘ಸುತ್ತಳತೆ’ ಅಚ್ಚಗನ್ನಡ, ಒಪ್ಪಿಗೆ. ‘ಬೆಲ್ಟ್’ಗೆ ನನ್ನ ವಿರೋಧ ದಾಖಲಾಗಲಿ.

— ಗೋ.