ಹೈಸ್ಕೂಲ್ ಮಕ್ಕಳಿಗೆ ಎಚ್‌ಐವಿ ಪಾಠ: ನೀವು ಹೇಗೆ ಮಾಡಿದಿರಿ?

ಹೊಸನಗರ ತಾಲ್ಲೂಕಿನ ಶಿಕ್ಷಕಿ: 9ನೇ ಕ್ಲಾಸಿಗೆ ಎಚ್‌ಐವಿ ಬಗ್ಗೆ ಹೇಳಬೇಕಾಗಿದೆ. ಹುಡುಗರು ಕಿಸಿಕಿಸಿ ನಗುತ್ತಾರೆ, ಹುಡುಗಿಯರು ತಲೆಯೇ ಎತ್ತುವುದಿಲ್ಲ. ಮನೆಯವರು ಏನನ್ನುತ್ತಾರೋ ಅನ್ನೋ ಅಳುಕು ಬೇರೆ. ಎಲ್ಲಿಂದ ಶುರು ಮಾಡಲಿ?

ತೀರ್ಥಹಳ್ಳಿ ಕಡೆಯ ವಿಜ್ಞಾನ ಶಿಕ್ಷಕ: ಮೇಡಂ, ಮೊದಲ ವರ್ಷ ನಾನು ಮಾಡಿದ್ದು ತಪ್ಪು. ಡಿಸೆಂಬರ್ 1ರಂದು, ವಿಶ್ವ ಏಡ್ಸ್ ದಿನ, ಎಲ್ಲರನ್ನೂ ಕೂರಿಸಿ, ಸೊರಗಿದ ರೋಗಿಯ ಚಿತ್ರ ತೋರಿಸಿ ಹೆದರಿಸಿದೆ. ಒಂದು ಪ್ರಶ್ನೆಯೂ ಬರಲಿಲ್ಲ. ನೋಡೋಕೆ ಗಟ್ಟಿಮುಟ್ಟಾಗಿರುವವರಿಗೆ ಎಚ್‌ಐವಿ ಇರಲ್ಲ ಅನ್ನೋ ತಪ್ಪು ತಿಳಿವಳಿಕೆಯನ್ನು ನಾನೇ ತುಂಬಿದ್ದೆ.

ಮರುವರ್ಷ ಖಾಲಿ ಚಾಕ್‌ಪೀಸ್ ಡಬ್ಬಕ್ಕೆ ಒಂದು ಸೀಳು ಮಾಡಿ ಬೀರು ಮೇಲಿಟ್ಟೆ. ಹೆಸರು ಬರೆಯುವಂತಿಲ್ಲ. ಆದರೆ ಎಲ್ಲರೂ ಚೀಟಿ ಹಾಕಲೇಬೇಕು, ಕೇಳೋದಿಲ್ಲದಿದ್ದರೆ ಖಾಲಿ ಚೀಟಿ. ಇಲ್ಲದಿದ್ದರೆ ಯಾರು ಹಾಕಿದರು ಅಂತ ಉಳಿದವರು ನೋಡುತ್ತಿರುತ್ತಾರೆ, ಅಲ್ವಾ? ಉಗುರಿನಷ್ಟಕ್ಕೆ ಮಡಚಿದ ಚೀಟಿಗಳು ಬಂದವು. ಒಂದರಲ್ಲಿ, ‘ಉಣುಗು ಕಚ್ಚಿದರೆ ಮಂಗನ ಕಾಯಿಲೆ ಬರುತ್ತೆ. ಸೊಳ್ಳೆ ಕಚ್ಚಿದರೆ ಎಚ್‌ಐವಿ ಯಾಕೆ ಬರಲ್ಲ?’ ನಮ್ಮ ಕಾಡಂಚಿನ ಮಕ್ಕಳ ಪ್ರಶ್ನೆ ಅದು, ಎಷ್ಟು ಖುಷಿಯಾಯಿತು! ಆ ವೈರಸ್ ಉಣುಗಿನ ಮೈಯಲ್ಲಿ ಬೆಳೆಯುತ್ತದೆ, ಎಚ್‌ಐವಿ ಸೊಳ್ಳೆಯೊಳಗೆ ಬೆಳೆಯುವುದಿಲ್ಲ ಅಂದೆ. ಹಾಗಾದರೆ ಹೇಗೆ ಹರಡುತ್ತೆ ಸರ್ ಅಂತ ಅವರೇ ಕೇಳಿದರು. ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ, ಒಬ್ಬರು ಚುಚ್ಚಿಕೊಂಡ ಸೂಜಿಯನ್ನೇ ಇನ್ನೊಬ್ಬರು ಚುಚ್ಚಿಕೊಳ್ಳುವುದು, ಸೋಂಕಿರುವ ರಕ್ತ, ತಾಯಿಯಿಂದ ಮಗುವಿಗೆ. ಕಾಂಡೋಮ್ ಅನ್ನೋ ಮಾತನ್ನು ತಡವರಿಸದೆ ಹೇಳಿ ಮೇಡಂ. ನಾವು ತಡವರಿಸಿದರೇ ಅವರು ನಗುವುದು.

ಇನ್ನೊಂದು ಚೀಟಿ: ‘ಮನೇಲಿ ಒಬ್ಬರಿಗೆ ಇದೆ. ಒಂದೇ ತಟ್ಟೆಯಲ್ಲಿ ಊಟ ಮಾಡಬಹುದಾ?’ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಅದನ್ನು ಕ್ಲಾಸಿನಲ್ಲಿ ಓದಲಿಲ್ಲ, ಯಾರದೆಂದು ಹುಡುಕಲೂ ಇಲ್ಲ. ತಟ್ಟೆ, ಲೋಟ, ಮುಟ್ಟುವುದರಿಂದ ಬರುವುದಿಲ್ಲ, ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಬಿಡದೆ ತಗೊಂಡರೆ ಎಲ್ಲರಂತೆ ಬಹುಕಾಲ ಬದುಕಬಹುದು ಅಂತ ಇಡೀ ಕ್ಲಾಸಿಗೆ ಹೇಳಿದೆ.

ಮನೆಯವರನ್ನು ಪಾಠಕ್ಕೆ ಮೊದಲೇ ಕರೆಯಿರಿ. ಇಂಥ ಚೀಟಿ ಬಿಟ್ಟು ಉಳಿದವನ್ನು ಅವರಿಗೆ ನೀವೇ ಓದಿ ಹೇಳಿ. ಮಕ್ಕಳ ತಲೆಯಲ್ಲಿ ಏನಿದೆ ಅಂತ ಕೇಳಿದ ಮೇಲೆ ನಮ್ಮಲ್ಲಿ ಯಾವ ಮನೆಯವರೂ ಪಾಠ ಬೇಡ ಅನ್ನಲಿಲ್ಲ.

ಸಾಗರದ ಕಡೆಯ ಆಪ್ತಸಮಾಲೋಚಕಿ: ಸರ್ ಹೇಳಿದ್ದರ ಜೊತೆಗೆ ಬೋರ್ಡ್ ಮೇಲೆ 1097 ಬರೆಯಿರಿ, ಉಚಿತ ಸಹಾಯವಾಣಿ ಅದು. ಹತ್ತಿರದ ಐಸಿಟಿಸಿ, ಅಂದರೆ ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ, ಎಲ್ಲಿದೆ ಅಂತಲೂ ತಿಳಿಸಿ. ಅಲ್ಲಿ ಪರೀಕ್ಷೆಗೆ ದುಡ್ಡಿಲ್ಲ, ಗುಟ್ಟು ಹೊರಬೀಳುವುದಿಲ್ಲ. 18 ತುಂಬದವರಿಗೆ ಪೋಷಕರ ಒಪ್ಪಿಗೆ ಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದರೆ ಮಾತ್ರ ನಾಳೆಗೆ ಇಡಬೇಡಿ, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ತಪ್ಪದೆ ನುಂಗಬೇಕು.