ಸೈಫನ್‌ನಲ್ಲಿ ನೀರು ಮೇಲಕ್ಕೆ ಹೋಗತ್ತೆ, ಕಾಫಿ ಕೆಳಗೆ ಇಳಿಯಲ್ಲ. ಏನ್ ತಪ್ಪು ಮಾಡ್ತಿದೀನಿ?

ಡಿಕಾಕ್ಷನ್‌ಪ್ರಿಯೆ:
ಎಲ್ರಿಗೂ ನಮಸ್ಕಾರ. ಹೋದ ತಿಂಗಳು ನಮ್ಮ ಭಾವ ಜಪಾನಿಂದ ಬರ್ತಾ ಒಂದು ಸೈಫನ್ ತಂದ್ಕೊಟ್ರು, ಅದೇ ಕೆಳಗೆ ಗಾಜಿನ ಬುಂಡೆ, ಮೇಲೆ ಕೊಳವೆ ಇರೋ ಗಾಜಿನ ಲೋಟ, ವ್ಯಾಕ್ಯೂಮ್ ಪಾಟ್ ಅಂತಾರಲ್ಲ, ಎರಡು ಕಪ್ಪಿಂದು. ನಮ್ಮತ್ತೆ ನೋಡಿದ ತಕ್ಷಣ "ಇದೇನೇ, ಕಾಲೇಜ್ ಲ್ಯಾಬಿಂದ ಎತ್ಕೊಂಡ್ ಬಂದ್ಯಾ" ಅಂದ್ರು.

ಕೆಳಗೆ 240 ಎಂಎಲ್ ನೀರು ಹಾಕಿ ಸ್ಪಿರಿಟ್ ದೀಪ ಹಚ್ಚಿದ್ರೆ ನೀರೇನೋ ಚೆನ್ನಾಗೇ ಮೇಲೆ ಏರತ್ತೆ, ನೋಡೋಕೇ ಖುಷಿ. ಮೂರು ದೊಡ್ಡ ಚಮಚ ಪುಡಿ ಹಾಕಿ ಕಲಸಿ ಒಂದು ನಿಮಿಷ ಬಿಟ್ಟು ದೀಪ ಆರಿಸ್ತೀನಿ. ಆಮೇಲೆ ಕಾಯ್ತೀನಿ, ಕಾಯ್ತೀನಿ, ಎಂಟು ನಿಮಿಷ ಆದ್ರೂ ಅರ್ಧ ಕಾಫಿ ಮೇಲೇ ನಿಂತಿರತ್ತೆ, ಇಳಿದಿದ್ದು ಕೂಡ ಕಷಾಯದ ಥರ ಕಹಿ, ತಳದಲ್ಲಿ ಕೆಸರು. ಪುಡಿ ನಾವು ದಿನಾ ತರೋದೇ, 80:20, ಅಂದ್ರೆ ಕಾಫಿ 80, ಚಿಕೋರಿ 20. ಬೆಂಗಳೂರು ಎತ್ತರದಲ್ಲಿದೆ, ನೀರು ಬೇಗ ಕುದಿಯತ್ತೆ ಅದಕ್ಕೇ ಹೀಗೆ ಅಂತ ನಮ್ಮನೆಯವ್ರ ಥಿಯರಿ. ನಿಜಾನಾ?

ಸಕ್ಕರೆಕಮ್ಮಿ:
80:20 ಅಂದ್ರಲ್ಲ, ಉತ್ತರ ಅಲ್ಲೇ ಇದೆ. ಚಿಕೋರಿ ಹಾಕಿರೋ ಪುಡಿನ ಸೈಫನ್ನಿಗೆ ಹಾಕ್ಲೇಬಾರ್ದು. ಫಿಲ್ಟರ್ ಪುಡಿ ಅಂದ್ರೆ ಮೊದಲೇ ನುಣ್ಣಗೆ, ಅದರ ಜೊತೆ ಚಿಕೋರಿ ನೀರು ಕುಡಿದು ಅಂಟಂಟಾಗಿ ಸೈಫನ್ನಿನ ಫಿಲ್ಟರಿಗೆ ಕಟ್ಟಿರೋ ಬಟ್ಟೆಗೆ ಮೆತ್ಕೊಳತ್ತೆ. ಹಿತ್ತಾಳೆ ಫಿಲ್ಟರಲ್ಲಿ ನಮಗೆ ಬೇಕಾಗಿರೋದೇ ಅದು, ಹನಿ ಹನಿಯಾಗಿ ನಿಧಾನಕ್ಕೆ ಇಳಿದ್ರೇನೇ ಗಟ್ಟಿ ಡಿಕಾಕ್ಷನ್. ಇಲ್ಲಿ ಒಂದು ನಿಮಿಷದೊಳಗೆ ಇಳಿದುಬಿಡ್ಬೇಕು.

ಅಂಗಡಿಯಲ್ಲಿ "ಚಿಕೋರಿ ಬೇಡ, ಬರೀ ಕಾಫಿ, ತರಿತರಿಯಾಗಿ ಬೀಸಿ" ಅನ್ನಿ. ಎಷ್ಟು ತರಿ ಅಂದ್ರೆ ಚಿರೋಟಿ ರವೆಗಿಂತ ದಪ್ಪ, ಉಪ್ಪಿಟ್ಟಿನ ರವೆಗಿಂತ ಒಂಚೂರು ಸಣ್ಣ. ಅವ್ರು ಒಂದ್ಸಲ ನಿಮ್ಮ ಮುಖ ನೋಡ್ತಾರೆ, ಪರವಾಗಿಲ್ಲ. ಮತ್ತೆ ಚಮಚದ ಲೆಕ್ಕ ಬಿಟ್ಟು ತೂಕ ಮಾಡಿ, 240 ಎಂಎಲ್‌ಗೆ 16 ಗ್ರಾಂ ಸಾಕು.

ರಿಟೈರ್ಡ್ ಮೇಷ್ಟ್ರು:
ಪುಡಿ ಬಗ್ಗೆ ಮೇಲಿನವರು ಹೇಳಿದ್ದು ಸರಿ, ಆದ್ರೆ ಪುಡಿನೇ ಕಾರಣ ಅಂತ ಖಾತ್ರಿ ಮಾಡ್ಕೊಳೋಕೆ ಸುಲಭದ ದಾರಿ ಇದೆ ತಾಯಿ. ಪುಡಿ ಹಾಕ್ದೆ ಬರೀ ನೀರು ಮೇಲೆ ಕಳ್ಸಿ, ದೀಪ ತೆಗೀರಿ. ನೀರು ಸರ್ರನೆ ಇಳಿದ್ರೆ ತಪ್ಪು ಪುಡೀದು. ಬರೀ ನೀರೂ ತಡವರಿಸಿದ್ರೆ ಒಂದೋ ಬಟ್ಟೆ ಕಟ್ಕೊಂಡಿದೆ, ಇಲ್ಲಾ ಎರಡು ಗಾಜಿನ ನಡುವಿನ ರಬ್ಬರ್ ಸರಿಯಾಗಿ ಕೂತಿಲ್ಲ.

ಯಾಕೆ ಅಂದ್ರೆ, ಕಾಫಿ ತನ್ನ ಭಾರಕ್ಕೆ ಇಳಿಯೋದು ಸ್ವಲ್ಪ ಅಷ್ಟೇ. ಕೆಳಗಿನ ಬುಂಡೆಯಲ್ಲಿ ಉಳಿದಿರೋ ಹಬೆ ತಣ್ಣಗಾಗಿ ನೀರಾದಾಗ ಅಲ್ಲಿ ಒತ್ತಡ ಬಿದ್ದುಹೋಗತ್ತೆ, ಆಗ ಹೊರಗಿನ ಗಾಳಿ ಮೇಲಿಂದ ಕಾಫಿನ ಒತ್ತಿ ಕೆಳಗೆ ತಳ್ಳತ್ತೆ. ರಬ್ಬರ್ ಸಂದಿಯಲ್ಲಿ ಗಾಳಿ ನುಗ್ಗಿದ್ರೆ ಆ ಒತ್ತು ಸಿಗಲ್ಲ. ಆದ್ರೆ ನಿಮಗೆ ನೀರು ಚೆನ್ನಾಗಿ ಏರ್ತಿದೆ ಅಂದ್ಮೇಲೆ ರಬ್ಬರ್ ಮೇಲೆ ನನಗೆ ಅನುಮಾನ ಕಮ್ಮಿ.

ನಿಮ್ಮ ಯಜಮಾನ್ರ ಥಿಯರಿಗೆ ಅರ್ಧ ಮಾರ್ಕು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ನೀರು 97 ಡಿಗ್ರಿ ಹತ್ರಾನೇ ಕುದಿಯತ್ತೆ, ಅದು ನಿಜ. ಕಾಫಿ ಇಳಿಯದೇ ಇರೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ನಿಮ್ಮತ್ತೆ ಹೇಳಿದ್ದು ಮಾತ್ರ ನೂರಕ್ಕೆ ನೂರು. ಇವತ್ತು ಸೈಫನ್‌ಗೆ ಹೆಸರುವಾಸಿಯಾಗಿರೋ ಜಪಾನಿನ ಹರಿಯೊ ಕಂಪನಿ 1921ರಲ್ಲಿ ಶುರುವಾಗಿದ್ದೇ ಲ್ಯಾಬಿನ ಗಾಜಿನ ಸಾಮಾನು ಮಾಡೋಕೆ. ಅವರ ಭಾಷೆಯಲ್ಲಿ ಗಾಜಿನ ರಾಜ ಅಂತ ಅರ್ಥ, ಕನ್ನಡದಲ್ಲಿ ಓದಿದ್ರೆ ಯಾರೋ ನಮ್ಮವರೇ ನೀರು ಹರಿಯೋದು ನೋಡಿ ಇಟ್ಟ ಹೆಸರಿನ ಥರ ಇದೆ.

ಹುಬ್ಬಳ್ಳಿ ಚಾ:
ನಾ ಚಾ ಕುಡಿಯಾಂವ ಆದ್ರೂ ಒಂದ್ ಮಾತ್ ಹೇಳ್ತೀನ್ರಿ. ಬುಂಡಿ ಹೊರಗ ಹಸಿ ಇದ್ದಾಗ ದೀಪದ ಮ್ಯಾಲೆ ಇಡಬ್ಯಾಡ್ರಿ. ನಾ ತೊಳದು ಒರಸದ ಹಂಗ ಇಟ್ಟಿದ್ದೆ, ಟಕ್ ಅಂತ ಒಂದ ಸಪ್ಪಳ ಬಂತು, ನೋಡಿದ್ರ ತಳಕ್ಕ ಕೂದಲೆಳಿ ಹಂಗ ಒಂದು ಗೀರು. ಅಲ್ಲಿಗೆ ಮುಗೀತು. ಬರೇ ಬುಂಡಿ ಬೇರೆ ಸಿಗೂದಿಲ್ಲ ಅಂದ್ರು, ಈಗ ಮ್ಯಾಲಿನ ಲೋಟದಾಗ ಮನಿ ಪ್ಲಾಂಟ್ ಐತಿ.

ಸಕಲೇಶಪುರದ ಮಳೆ:
ಯಾರೂ ಬಟ್ಟೆ ವಿಷಯ ಪೂರ್ತಿ ಹೇಳಿಲ್ವಲ್ಲ. ಹೊಸ ಬಟ್ಟೆ ಆದ್ರೆ ಮೊದಲು ಐದು ನಿಮಿಷ ನೀರಲ್ಲಿ ಕುದಿಸ್ಬೇಕು. ಸೋಪು ಸೋಕಿಸಬೇಡಿ, ಆ ವಾಸನೆ ಜನ್ಮದಲ್ಲಿ ಹೋಗಲ್ಲ. ಬಳಸಿದ್ಮೇಲೆ ಬರೀ ಬಿಸಿನೀರಲ್ಲಿ ತೊಳೆದು, ಒಂದು ಡಬ್ಬೀಲಿ ನೀರು ಹಾಕಿ ಅದರಲ್ಲೇ ಮುಳುಗ್ಸಿ ಫ್ರಿಜ್ಜಲ್ಲಿಡಿ, ನೀರು ದಿನಾ ಬದಲಾಯಿಸಿ. ಒಣಗಿಸಿದ್ರೆ ಕಾಫಿ ಎಣ್ಣೆ ಕಮಟು ಬರತ್ತೆ. ಫಿಲ್ಟರಿನ ಕೆಳಗಿರೋ ಮಣಿ ಸರಪಳಿ ಎಳೆದು ಕೊಳವೆ ತುದಿಗೆ ಕೊಕ್ಕೆ ಸಿಗಿಸ್ತೀರಿ ತಾನೇ? ಆಮೇಲೆ ಫಿಲ್ಟರ್ ನಡೂಮಧ್ಯ ಕೂತಿದ್ಯಾ ನೋಡಿ. ಒಂದು ಪಕ್ಕಕ್ಕೆ ವಾಲಿದ್ರೆ ಆ ಸಂದಿಯಿಂದಾನೇ ನಿಮ್ಮ ಕೆಸರು ಬರೋದು.

ಇನ್ನೊಂದು, ಸ್ಪಿರಿಟ್ ದೀಪದಲ್ಲಿ ತಣ್ಣೀರು ಕಾಯಿಸ್ತಾ ಕೂರಬೇಡಿ. ಬೇರೆ ಪಾತ್ರೆಯಲ್ಲಿ ಕಾಯಿಸಿದ ನೀರು ಹಾಕಿ, ಮೇಲೇರಿದ್ಮೇಲೆ ಉರಿ ಸಣ್ಣ ಮಾಡಿ, ಆಮೇಲೆ ಪುಡಿ. ಬಿದಿರಿನ ಕಡ್ಡಿಯಲ್ಲಿ ನೆನೆಯೋಷ್ಟು ಕಲಸಿ ಸಾಕು, ಹುಳಿ ಕೂಡಿಸೋ ಥರ ತಿರುವ್ತಾ ಇರಬೇಡಿ. ಅರೇಬಿಕಾನೇ ತಗೊಳ್ಳಿ, ಹುರಿದಿದ್ದು ಕಪ್ಪಗಾಗಿರಬಾರದು. ನಮ್ಮ ತೋಟದಲ್ಲಿ ರೋಬಸ್ಟಾನೂ ಇದೆ, ಅದು ಸೈಫನ್‌ನಲ್ಲಿ ನನಗೆ ಹಿಡಿಸಲ್ಲ.

ಡಿಕಾಕ್ಷನ್‌ಪ್ರಿಯೆ:
ಅಪ್‌ಡೇಟ್ ಕೊಡ್ತೀನಿ ಅಂತ ಬಂದೆ. ಮೇಷ್ಟ್ರು ಹೇಳಿದ ಹಾಗೆ ಬರೀ ನೀರು ಹಾಕಿ ನೋಡ್ದೆ, ತಡವರಿಸ್ತು! ಬಟ್ಟೆ ಬಿಚ್ಚಿದ್ರೆ ಹಿಂದಿನ ಸಲದ ಚಿಕೋರಿ ಕಂದು ಗೋಂದಿನ ಥರ ಕೂತಿತ್ತು. ಬೇರೆ ಬಟ್ಟೆ ಕಟ್ಟಿ, ಕುದಿಸಿ, ಮತ್ತೆ ಬರೀ ನೀರು ಹಾಕಿದ್ರೆ ಸರ್ರಂತ ಇಳೀತು. ಬರೀ ಅರೇಬಿಕಾ ತರಿಯಾಗಿ ಬೀಸಿಸ್ಕೊಂಡು ಬಂದೆ (ಹೌದು, ಅಂಗಡಿಯವ್ರು ಮುಖ ನೋಡಿದ್ರು). ಇವತ್ತು ಬೆಳಿಗ್ಗೆ ದೀಪ ತೆಗೆದು 45 ಸೆಕೆಂಡಿಗೆ ಗೊಳಗೊಳ ಅಂತ ಪೂರ್ತಿ ಇಳೀತು, ಮೇಲೆ ಪುಡಿ ಸಣ್ಣ ಗುಡ್ಡದ ಥರ ಉಳೀತು. ಬಣ್ಣ ತಿಳಿ ಟೀ ಥರ, ಆದ್ರೆ ಘಮ ಹಾಲ್‌ವರೆಗೂ ಬಂತು. ಹಾಲು ಹಾಕ್ಬೋದಾ ಇದಕ್ಕೆ?

ಸಕ್ಕರೆಕಮ್ಮಿ:
ಹಾಕಬೇಡಿ, ಹಾಲು ಗೆಲ್ಲತ್ತೆ. ಹಾಲಿನ ಕಾಫಿಗೆ ಫಿಲ್ಟರ್ ಇದ್ಯಲ್ಲ.

ಡಿಕಾಕ್ಷನ್‌ಪ್ರಿಯೆ:
ಅತ್ತೆನೂ ಅದನ್ನೇ ಅಂದ್ರು. ಅರ್ಧ ಲೋಟ ಕುಡಿದು "ಚೆನ್ನಾಗಿದೆ ಕಣೇ, ಸರಿ ಈಗ ಕಾಫಿ ಮಾಡು" ಅಂದ್ರು.